ಶಾಲೆ ಬಿಟ್ಟು ಮನೆಯಿಂದಲೇ ದುಡಿಯಬೇಕೆನ್ನುವ ಶಿಕ್ಷಕರಿಗೆ: ರಾಜೀನಾಮೆಗೆ ಮೊದಲೂ ಆಮೇಲೂ ಮಾಡಬೇಕಾದ್ದು

‘ಮಿಸ್, ಈ ವರ್ಷ ಬಿಟ್ಟುಬಿಡೋಣ ಅಂತಿದ್ದೀನಿ. ಮನೇಲಿದ್ದು ಏನು ಮಾಡಬಹುದು ಹೇಳಿ’ ಎಂದು ಕೇಳುವವರು ಪ್ರತಿ ವರ್ಷ ಫೆಬ್ರವರಿಯಿಂದಲೇ ಶುರುವಾಗುತ್ತಾರೆ. ಹೆಚ್ಚಿನವರು ಹದಿನೈದು, ಇಪ್ಪತ್ತು ವರ್ಷ ಅನುದಾನರಹಿತ ಖಾಸಗಿ ಶಾಲೆಗಳಲ್ಲಿ ಪಾಠ ಮಾಡಿದವರು. ಒಬ್ಬರಿಗೆ ಗಂಟಲು ಕೈಕೊಟ್ಟಿದೆ, ಇನ್ನೊಬ್ಬರ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯಿದ್ದಾರೆ, ಮತ್ತೊಬ್ಬರಿಗೆ ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲೇ ಹೋಗುತ್ತಿದೆ. ನಾನೂ ಹಾಗೆ ಹೊರಬಂದವಳೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ರಾಜೀನಾಮೆ ಪತ್ರ ಬರೆಯುವುದು ಇಲ್ಲಿ ಏಳನೆಯ ಹಂತ. ಅದನ್ನೇ ಮೊದಲು ಮಾಡಿಕೊಂಡು ಬಂದವರಿಗೆ ಅದಕ್ಕೆ ಮೊದಲಿನ ಆರೂ ಕಷ್ಟವಾಗಿವೆ.

ಸರ್ಕಾರಿ ಮತ್ತು ಅನುದಾನಿತ ಶಾಲೆಯವರಿಗೆ ಒಂದು ಎಚ್ಚರಿಕೆ. ನಿಮಗೆ ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಕಳೆದುಹೋಗುತ್ತದೆ. 2006ರ ಏಪ್ರಿಲ್ 1ರ ನಂತರ ಸೇವೆಗೆ ಸೇರಿದವರು ಎನ್‌ಪಿಎಸ್‌ಗೆ, ಅಂದರೆ ಹೊಸ ಪಿಂಚಣಿ ಯೋಜನೆಗೆ ಸೇರುವುದರಿಂದ ಅವರ ಲೆಕ್ಕವೂ ಬೇರೆ. ಸೇವಾ ಪುಸ್ತಕ ನೋಡಿ ಹೇಳಬಲ್ಲವರನ್ನು ಕೇಳದೆ ನೀವು ಒಂದು ಸಾಲನ್ನೂ ಬರೆದುಕೊಡಬೇಡಿ. ಈ ಲೇಖನ ಮುಖ್ಯವಾಗಿ ಖಾಸಗಿ ಶಾಲೆಯವರಿಗೆ.

ಹಂತ 1: ನಿಮ್ಮ ಕಾಗದಪತ್ರ ನಿಮ್ಮ ಬೀರುವಿಗೆ ಬರಲಿ

ಸೇರುವಾಗ ‘ಅಸಲು ಪ್ರತಿ ಕೊಡಿ, ಫೈಲಿನಲ್ಲಿರಲಿ’ ಎಂದು ಬಿ.ಎಡ್ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವ ಆಡಳಿತ ಮಂಡಳಿಗಳು ಇವೆ. ನನ್ನ ಅಂಕಪಟ್ಟಿಯೂ ಹಾಗೆ ಆಫೀಸಿನ ಬೀರುವಿನಲ್ಲೇ ಇತ್ತು. ಬಿಡುತ್ತೇನೆ ಎಂದ ಮೇಲೆ ಅದು ಕೈಗೆ ಬರಲು ನಾಲ್ಕು ತಿಂಗಳಾಯಿತು. ಬ್ಯಾಂಕ್ ಸಾಲಕ್ಕೋ, ಹೆಸರಿನ ತಿದ್ದುಪಡಿಗೋ ಬೇಕೆಂದು ಕೇಳಿ, ರಾಜೀನಾಮೆಯ ಸುದ್ದಿ ಎತ್ತುವ ಮೊದಲೇ ಪಡೆದುಕೊಳ್ಳಿ. ಜೊತೆಗೆ ಇವನ್ನೂ ಕೂಡಿಸಿಡಿ: ನೇಮಕಾತಿ ಆದೇಶ, ಸಂಬಳ ಹೆಚ್ಚಳದ ಪತ್ರಗಳು, ಕೊನೆಯ ಹನ್ನೆರಡು ತಿಂಗಳ ಪೇ ಸ್ಲಿಪ್, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಫಾರಂ 16.

ಕೆಲವು ಶಾಲೆಗಳು ಪ್ರತಿ ಏಪ್ರಿಲ್‌ನಲ್ಲಿ ಬಿಡಿಸಿದಂತೆ ಮಾಡಿ ಜೂನ್‌ನಲ್ಲಿ ಹೊಸ ಆದೇಶ ಕೊಡುತ್ತವೆ. ಹಾಗಿದ್ದರೆ ಒಂದು ಆದೇಶವನ್ನೂ ಎಸೆಯಬೇಡಿ. ಹಾಜರಿ, ಪರೀಕ್ಷಾ ಕೆಲಸದ ಆದೇಶ, ಮೌಲ್ಯಮಾಪನಕ್ಕೆ ಕಳಿಸಿದ ಪತ್ರ, ಏನಿದ್ದರೂ ಅದು ನೀವು ನಿರಂತರವಾಗಿ ಅಲ್ಲೇ ದುಡಿದಿದ್ದೀರಿ ಎಂಬುದಕ್ಕೆ ಸಾಕ್ಷಿ.

ಹಂತ 2: ಬರಬೇಕಾದ ಹಣದ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹೆಚ್ಚಿನ ಶಿಕ್ಷಕರು ಕೈಬಿಟ್ಟುಬರುವುದು ಇಲ್ಲೇ.

ಮೊದಲು ಗ್ರಾಚ್ಯುಟಿ, ಅಂದರೆ ದೀರ್ಘ ಸೇವೆಗೆ ಮಾಲೀಕರು ಒಟ್ಟಿಗೆ ಕೊಡಬೇಕಾದ ಉಪಧನ. ‘ಟೀಚರ್‌ಗಳಿಗೆಲ್ಲ ಗ್ರಾಚ್ಯುಟಿ ಇಲ್ಲಮ್ಮ’ ಎಂಬ ಮಾತು ಇವತ್ತಿಗೂ ಶಾಲೆಗಳಲ್ಲಿ ಕೇಳುತ್ತದೆ. 2004ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದ್ದು ನಿಜ. ಆದರೆ 2009ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನು ಸೇರಿಸಿತು. ಖಾಸಗಿ ಶಾಲೆಗಳ ಸಂಘಟನೆಗಳು ಅದನ್ನು ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಶಾಲೆಯಲ್ಲಿ ಐದು ವರ್ಷ ನಿರಂತರ ಸೇವೆ ಮುಗಿಸಿದ್ದರೆ ಅದು ನಿಮ್ಮ ಹಕ್ಕು.

ಲೆಕ್ಕ ಹೀಗೆ: ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಕೊನೆಯ ವರ್ಷ ಆರು ತಿಂಗಳು ಮೀರಿದ್ದರೆ ಪೂರ್ಣ ವರ್ಷ. ಮೂಲವೇತನ, ಡಿಎ ಸೇರಿ 22,000 ರೂಪಾಯಿ, ಸೇವೆ 18 ವರ್ಷ 7 ತಿಂಗಳು ಎನ್ನಿ. ಆಗ 19 ವರ್ಷದ ಲೆಕ್ಕ: ಸುಮಾರು 2,41,154 ರೂಪಾಯಿ. ಇದೇ ಶಿಕ್ಷಕಿ ಎರಡು ತಿಂಗಳು ಮೊದಲೇ, 18 ವರ್ಷ 5 ತಿಂಗಳಿಗೆ ಬಿಟ್ಟಿದ್ದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಕಡಿಮೆಯಾಗುತ್ತಿತ್ತು. ಸೇರಿದ ದಿನಾಂಕವನ್ನು ಎದುರಿಗಿಟ್ಟುಕೊಂಡು ಬಿಡುವ ದಿನಾಂಕ ಗೊತ್ತುಮಾಡಿ ಎನ್ನುವುದು ಇದಕ್ಕೇ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸೂತ್ರ ಅದೇ ಇದೆ. ಆದರೆ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೇ ಆಗುತ್ತದೆ. ಮೂಲವೇತನವನ್ನು ಬೇಕೆಂದೇ ಚಿಕ್ಕದಾಗಿ ತೋರಿಸುವ ಶಾಲೆಯಲ್ಲಿದ್ದವರು ಇದನ್ನು ಗಮನಿಸಿ.

ಶಾಲೆ ತಾನಾಗಿ ಕೊಡುತ್ತದೆಂದು ಕಾಯಬೇಡಿ. ಬಿಟ್ಟ ಮೂವತ್ತು ದಿನದೊಳಗೆ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಕೊಡದೇ ಹೋದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬೇಕು. ತಡವಾದಷ್ಟು ದಿನಕ್ಕೆ ಬಡ್ಡಿಯೂ ಸೇರುತ್ತದೆ.

ಇನ್ನು ಪಿಎಫ್. ಇಪಿಎಫ್‌ಒ ಸದಸ್ಯರ ಪೋರ್ಟಲ್‌ನಲ್ಲಿ ಯುಎಎನ್ (ನಿಮ್ಮ ಶಾಶ್ವತ ಪಿಎಫ್ ಸಂಖ್ಯೆ) ಹಾಕಿ ಪಾಸ್‌ಬುಕ್ ತೆರೆಯಿರಿ. ಪ್ರತಿ ತಿಂಗಳೂ ಹಣ ಬಿದ್ದಿದೆಯೇ ನೋಡಿ, ಅದರಲ್ಲೂ ಏಪ್ರಿಲ್-ಮೇ ಸಾಲುಗಳನ್ನು. ಆಮೇಲೆ ಹೆಸರು. ನಮ್ಮ ಕಡೆ ಇನಿಷಿಯಲ್ಲೇ ದೊಡ್ಡ ತೊಡಕು. ಶಾಲೆಯವರು ಇನಿಷಿಯಲ್ಲನ್ನು ಮುಂದೆ ಹಾಕಿರುತ್ತಾರೆ, ಆಧಾರ್‌ನಲ್ಲಿ ಹಿಂದೆ ಇರುತ್ತದೆ, ಮದುವೆಯಾದ ಮೇಲೆ ಪ್ಯಾನ್ ಕಾರ್ಡಿನಲ್ಲಿ ಗಂಡನ ಹೆಸರು ಸೇರಿರುತ್ತದೆ. ಈ ಮೂರೂ ಒಂದೇ ಆಗಿರದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ತಿದ್ದುಪಡಿಗೆ ಶಾಲೆಯವರ ಒಪ್ಪಿಗೆ ಬೇಕಾಗುವ ಸಂದರ್ಭಗಳಿವೆ, ಹಾಗಾಗಿ ಅಲ್ಲಿ ಇರುವಾಗಲೇ ಮುಗಿಸಿ.

ಪಿಎಫ್ ಹಣವನ್ನು ತೆಗೆದು ಲ್ಯಾಪ್‌ಟಾಪ್ ಕೊಳ್ಳುತ್ತೇನೆ, ಮೊದಲ ವರ್ಷ ಅದರಲ್ಲೇ ಸಂಸಾರ ನಡೆಸುತ್ತೇನೆ ಎನ್ನುವವರಿಗೆ ನನ್ನ ಕಳಕಳಿಯ ಮಾತು: ಬೇಡ. ಬಿಟ್ಟ ಮೇಲೂ ಅದಕ್ಕೆ ಬಡ್ಡಿ ಬರುತ್ತದೆ (ಬಿಟ್ಟ ನಂತರದ ಬಡ್ಡಿಗೆ ತೆರಿಗೆಯಿದೆ, ಅಷ್ಟೆ). ಮಾಲೀಕರ ಪಾಲಿನಿಂದ ಒಂದು ಭಾಗ ಪಿಂಚಣಿ ಯೋಜನೆಗೆ ಹೋಗಿರುತ್ತದೆ. ಹತ್ತು ವರ್ಷ ಸೇವೆ ಆಗಿದ್ದರೆ ಆ ಭಾಗವನ್ನು ಹಣವಾಗಿ ತೆಗೆಯಲು ಬರುವುದಿಲ್ಲ. ಅದರ ಬದಲು ಫಾರಂ 10ಸಿ ಹಾಕಿ ಸ್ಕೀಮ್ ಸರ್ಟಿಫಿಕೇಟ್, ಅಂದರೆ ನಿಮ್ಮ ಸೇವೆಯ ದಾಖಲೆಪತ್ರ ಪಡೆಯಿರಿ. 58ಕ್ಕೆ ಪೂರ್ಣ ಪಿಂಚಣಿ, 50 ದಾಟಿದ ಮೇಲೆ ಬೇಕೆಂದರೆ 58ಕ್ಕೆ ಕಡಿಮೆಯಿರುವ ಪ್ರತಿ ವರ್ಷಕ್ಕೆ ಶೇ 4ರಂತೆ ಕಡಿತವಾಗಿ ಸಿಗುತ್ತದೆ. ಮೊತ್ತ ದೊಡ್ಡದಲ್ಲ. ಆದರೂ ಬದುಕಿರುವವರೆಗೆ ತಿಂಗಳು ತಿಂಗಳು ಬರುವ ಹಣ ಅದು.

ಹಂತ 3: ಆರೋಗ್ಯ ವಿಮೆ ಮಾಡಿಸಿ, ಆಮೇಲೆ ಬಿಡಿ

ಶಾಲೆಯ ಗುಂಪು ವಿಮೆ ಬಿಟ್ಟ ದಿನಕ್ಕೇ ನಿಲ್ಲುತ್ತದೆ. ಸ್ವಂತ ಪಾಲಿಸಿ ಮಾಡಿಸಿದರೂ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಸಿಗದು. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್‌ನಂಥ ಮೊದಲೇ ಇದ್ದ ಕಾಯಿಲೆಗಳಿಗೆ 36 ತಿಂಗಳವರೆಗೂ ಕಾಯಬೇಕಾಗಬಹುದು. ಆ ಗಡಿಯಾರ ನೀವು ಸಂಬಳದಲ್ಲಿರುವಾಗಲೇ ಓಡತೊಡಗಲಿ. ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಕ್ಲೇಮು ಬಿದ್ದುಹೋಗುವುದು ಹೆಚ್ಚಾಗಿ ಅದರಿಂದಲೇ. ವೈಯಕ್ತಿಕ ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ.

ಇಎಸ್‌ಐನಲ್ಲಿ (ಕಡಿಮೆ ಸಂಬಳದ ನೌಕರರ ಸರ್ಕಾರಿ ವಿಮೆ) ಇದ್ದವರಿಗೆ ಸ್ವಲ್ಪ ಸಮಾಧಾನವಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಯ ಸೌಲಭ್ಯ ಮುಂದಿನ ಜನವರಿಯಿಂದ ಜೂನ್‌ಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ಗೆ ಅನ್ವಯ. ಹಾಗಾಗಿ ಬಿಟ್ಟ ಮೇಲೂ ಕೆಲವು ತಿಂಗಳು ಚಿಕಿತ್ಸೆ ಸಿಗಬಹುದು. ಕಾರ್ಡನ್ನು ಜೋಪಾನವಾಗಿಡಿ.

ಹಂತ 4: ನಿಮ್ಮಲ್ಲಿರುವ ಯಾವುದಕ್ಕೆ ಬೆಲೆ ಇದೆ ಎಂದು ಕಂಡುಕೊಳ್ಳಿ

‘ನನಗೆ ಪಾಠ ಬಿಟ್ಟರೆ ಏನೂ ಬರಲ್ಲ’ ಎನ್ನುತ್ತಾರೆ. ಒಂದು ಉದಾಹರಣೆ ಕೊಡುತ್ತೇನೆ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿದರೆ ಎಷ್ಟು ಎಂಬ ಬಹುಆಯ್ಕೆ ಪ್ರಶ್ನೆಗೆ ನಾಲ್ಕು ಉತ್ತರ ಬರೆಯಬೇಕು ಎನ್ನಿ. ಸರಿಯುತ್ತರ 5/6 ಯಾರಿಗಾದರೂ ಗೊತ್ತು. ತಪ್ಪು ಉತ್ತರಗಳಲ್ಲಿ 2/5 ಇರಲೇಬೇಕು ಎಂದು ಗೊತ್ತಿರುವುದು ಐದನೇ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ಕಣ್ಣು ಸೋತವರಿಗೆ ಮಾತ್ರ. ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಡುತ್ತಾರೆ. ಆ ತಪ್ಪು ಎಲ್ಲಿ ಹುಟ್ಟುತ್ತದೆ ಎಂಬ ತಿಳಿವಳಿಕೆಯೇ ನಿಮ್ಮ ಬಂಡವಾಳ. ಅದಕ್ಕೆ ಬೆಲೆಯಿರುವ ಕೆಲಸವನ್ನೇ ಹುಡುಕಿ.

ಆನ್‌ಲೈನ್ ಅಥವಾ ಮನೆಪಾಠ ಎಲ್ಲರಿಗೂ ಮೊದಲು ಹೊಳೆಯುವುದು, ಬೇಗ ಕೈಹಿಡಿಯುವುದೂ ಅದೇ. ಎಲ್ಲ ತರಗತಿ, ಎಲ್ಲ ವಿಷಯ ಎಂದು ಬೋರ್ಡು ಹಾಕಬೇಡಿ. ಒಂದು ವಿಷಯ, ಎರಡು ತರಗತಿ, ಒಂದು ತಂಡಕ್ಕೆ ನಾಲ್ಕೈದು ಮಕ್ಕಳು ಸಾಕು. ಫೀಸು ತಿಂಗಳ ಮೊದಲ ವಾರವೇ ಬರಲಿ. ಮಕ್ಕಳ ಸಂಖ್ಯೆ ಬೆಳೆದು ಟ್ಯುಟೋರಿಯಲ್‌ನಂತಾದರೆ ಶಿಕ್ಷಣ ಇಲಾಖೆಯಲ್ಲಿ ನೋಂದಣಿ ಬೇಕಾಗುತ್ತದೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಕನ್ನಡ ಮೇಷ್ಟ್ರು, ಮಿಸ್‌ಗಳಿಗೆ ಹೊರನಾಡಿನ ಮಕ್ಕಳು ಒಳ್ಳೆಯ ದಾರಿ. ಮನೆಯಲ್ಲಿ ಕನ್ನಡ ಕೇಳಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು ಅವರು. ಅ ಆ ಇ ಈ ಇಂದ ಶುರುಮಾಡಿದರೆ ಮೂರನೇ ವಾರಕ್ಕೆ ಬೇಸತ್ತುಬಿಡುತ್ತಾರೆ. ಅಜ್ಜಿಯ ಜೊತೆ ಫೋನಿನಲ್ಲಿ ಆಡುವ ಮಾತಿನಿಂದ ಶುರುಮಾಡಿ. ಹೊತ್ತಿನ ಲೆಕ್ಕವನ್ನು ಬರೆದಿಟ್ಟುಕೊಳ್ಳಿ: ದುಬೈನಲ್ಲಿ ಸಂಜೆ 6 ಎಂದರೆ ನಮಗೆ 7.30. ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಸಂಜೆ 6 ಎಂದರೆ ಬೇಸಿಗೆಯಲ್ಲಿ ನಮಗೆ ಭಾನುವಾರ ಬೆಳಿಗ್ಗೆ 6.30. ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ಹೋದಾಗ ಅದೇ ತರಗತಿ 7.30ಕ್ಕೆ ಬರುತ್ತದೆ, ಮಾರ್ಚ್‌ನಲ್ಲಿ ಮತ್ತೆ 6.30ಕ್ಕೆ.

ಅನುವಾದ, ಕರಡು ತಿದ್ದುವುದು, ಪಾಠ ಮತ್ತು ಪ್ರಶ್ನೆ ಬರೆದುಕೊಡುವುದು ಮೂರನೆಯ ದಾರಿ. ಗಂಟಲಿನ ತೊಂದರೆಯಿಂದ ಬಿಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇದಕ್ಕೆ ಕನ್ನಡ ಟೈಪಿಂಗ್ ಬರಲೇಬೇಕು, ಅದೂ ಯೂನಿಕೋಡ್‌ನಲ್ಲಿ. ಯೂನಿಕೋಡ್ ಎಂದರೆ ಯಾವ ಫೋನು, ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಅಕ್ಷರವಾಗಿಯೇ ಕಾಣುವ ವ್ಯವಸ್ಥೆ. ಹಳೆಯ ನುಡಿ ಫಾಂಟಿನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಿ ರೂಢಿಯಿದ್ದವರು ಹಾಗೇ ಕಳಿಸಿದರೆ, ಆ ಕಡೆಯವರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ವಿನ್ಯಾಸ ಅದೇ ಇರುತ್ತದೆ, ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ತಿದ್ದಿದ ಗುರುತು ಕಾಣುವ ‘ಟ್ರ್ಯಾಕ್ ಚೇಂಜಸ್’ ಕಲಿಯಿರಿ. ಕೆಂಪು ಪೆನ್ನಿನ ಕೆಲಸವೇ ಅದು.

ದರ ಒಪ್ಪಿಕೊಳ್ಳುವ ಮೊದಲು ಗಂಟೆಗೆ ಎಷ್ಟು ಬೀಳುತ್ತದೆ ಎಂದು ನೋಡಿ. ಸಂಬಳ 24,000, ತಿಂಗಳಿಗೆ 25 ದಿನ, ಮನೆಗೆ ತಂದು ತಿದ್ದುವುದೂ ಸೇರಿ ದಿನಕ್ಕೆ 9 ಗಂಟೆ ಎಂದರೆ ಶಾಲೆಯಲ್ಲಿ ನಿಮಗೆ ಗಂಟೆಗೆ ಸಿಗುತ್ತಿದ್ದದ್ದು ಸುಮಾರು 107 ರೂಪಾಯಿ. ಈಗ ಯಾರೋ ಪುಟಕ್ಕೆ 200 ರೂಪಾಯಿ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಅನುವಾದಕ್ಕೆ ಒಂದೂವರೆ ಗಂಟೆ, ಅವರು ಹೇಳಿದ ತಿದ್ದುಪಡಿಗೆ ಅರ್ಧ ಗಂಟೆ. ಗಂಟೆಗೆ 100 ಆಯಿತು. ಪಿಎಫ್ ಇಲ್ಲ, ರಜೆಯ ಸಂಬಳ ಇಲ್ಲ, ಕರೆಂಟು ನಿಮ್ಮದು. ಎಷ್ಟು ಸಲ ತಿದ್ದಿಕೊಡಬೇಕು ಎಂಬುದನ್ನು ಮೊದಲೇ ಬರೆದು ಒಪ್ಪಿಸಿಕೊಳ್ಳಿ.

ಹಂತ 5: ಒಂದು ವರ್ಷ ಮೊದಲೇ ಸಣ್ಣದಾಗಿ ಮಾಡಿ ನೋಡಿ

ಬಿಡುವ ಹಿಂದಿನ ವರ್ಷ ವಾರಕ್ಕೆ ಐದಾರು ಗಂಟೆ ಹೊಸ ಕೆಲಸ ಮಾಡಿ. ಆದರೆ ಎಚ್ಚರ: ಶಿಕ್ಷಣ ಹಕ್ಕು ಕಾಯ್ದೆ 2009ರ 28ನೇ ಕಲಂ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ನಿಮ್ಮ ನೇಮಕಾತಿ ಆದೇಶದಲ್ಲೂ ಬೇರೆ ಕೆಲಸ ಮಾಡಬಾರದೆಂಬ ಸಾಲು ಇರಬಹುದು, ಓದಿ. ಟ್ಯೂಷನ್ನೇ ನಿಮ್ಮ ದಾರಿಯಾದರೆ ಕೆಲಸದಲ್ಲಿರುವಾಗ ಅದರ ತಯಾರಿ ಮಾತ್ರ ಮಾಡಿ: ಪಾಠದ ಟಿಪ್ಪಣಿ, ಅಭ್ಯಾಸದ ಹಾಳೆ, ಕ್ಯಾಮೆರಾ ಮುಂದೆ ಮಾತಾಡುವ ರೂಢಿ. ನಿಮ್ಮದೇ ತರಗತಿಯ ಮಕ್ಕಳ ಪೋಷಕರನ್ನು ‘ಮುಂದಿನ ವರ್ಷ ನನ್ನ ಹತ್ತಿರ ಕಳಿಸಿ’ ಎಂದು ಕೇಳಬೇಡಿ. ಶಾಲೆಯ ನಂಬಿಕೆಗೂ ಅದು ಧಕ್ಕೆ, ನಿಮ್ಮ ಹೆಸರಿಗೂ.

ಈ ಅವಧಿಯಲ್ಲೇ ಆರು ತಿಂಗಳ ಮನೆಖರ್ಚನ್ನು ಬೇರೆ ಖಾತೆಯಲ್ಲಿ ಕೂಡಿಸಿ. ಸಾಲ ಬೇಕಿದ್ದರೆ ಪೇ ಸ್ಲಿಪ್ ಇರುವಾಗಲೇ ಬ್ಯಾಂಕು ಕೊಡುತ್ತದೆ ಎಂಬುದು ನೆನಪಿರಲಿ. ಆದರೆ ಹೊಸ ಸಾಲ ಮಾಡಿ ಕೆಲಸ ಬಿಡುವುದನ್ನು ನಾನು ಒಪ್ಪುವುದಿಲ್ಲ.

ಹಂತ 6: ಮೋಸದ ಕೆಲಸ ಗುರುತಿಸಿ

‘ವರ್ಕ್ ಫ್ರಮ್ ಹೋಮ್’ ಎಂದು ಹುಡುಕಿದ ಕೂಡಲೇ ಮೊದಲು ಸಿಗುವುದು ಇವೇ. ಮೂರು ಬಗೆ ಹೆಚ್ಚು.

ಒಂದು, ಡೇಟಾ ಎಂಟ್ರಿ. ಚಿತ್ರದಲ್ಲಿರುವುದನ್ನು ಟೈಪ್ ಮಾಡಿ ಎಂದು ಕೊಟ್ಟು, ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ. ಕೊನೆಯಲ್ಲಿ ‘ತಪ್ಪು ಹೆಚ್ಚಿದೆ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟಿ, ಇಲ್ಲದಿದ್ದರೆ ಕೋರ್ಟ್ ನೋಟಿಸ್’ ಎಂದು ವಕೀಲರ ಹೆಸರಿನಲ್ಲಿ ಬೆದರಿಸುತ್ತಾರೆ. ಮರ್ಯಾದೆಗೆ ಅಂಜುವ ಶಿಕ್ಷಕರು ಕಟ್ಟಿಬಿಡುತ್ತಾರೆ. ಕಟ್ಟಬೇಡಿ.

ಎರಡು, ಟೆಲಿಗ್ರಾಂ ಟಾಸ್ಕ್. ಹೋಟೆಲಿಗೆ ರೇಟಿಂಗ್ ಕೊಟ್ಟರೆ ಮೊದಲ ದಿನ ನೂರಿನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬೀಳುತ್ತದೆ. ಮೂರನೇ ದಿನ ‘ಪ್ರೀಪೇಯ್ಡ್ ಟಾಸ್ಕ್’ ಎಂದು ನಿಮ್ಮಿಂದ ಹಣ ಹಾಕಿಸುತ್ತಾರೆ. ಹಾಕಿದ್ದನ್ನು ಬಿಡಿಸಿಕೊಳ್ಳಲು ಇನ್ನಷ್ಟು, ಮತ್ತಷ್ಟು.

ಮೂರನೆಯದು ಎಲ್ಲಕ್ಕಿಂತ ಅಪಾಯ: ನಿಮ್ಮ ಬ್ಯಾಂಕ್ ಖಾತೆಯನ್ನು ಬಳಸಲು ಕೊಡಿ, ಕಮಿಷನ್ ಕೊಡುತ್ತೇವೆ ಎನ್ನುವುದು. ಅದು ಬೇರೆಯವರಿಂದ ಕದ್ದ ಹಣ. ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೆ.

ಕೆಲಸ ಕೊಡುವವರು ನಿಮ್ಮಿಂದ ನೋಂದಣಿ, ತರಬೇತಿ, ಕಿಟ್ ಯಾವ ಹೆಸರಲ್ಲಿ ಹಣ ಕೇಳಿದರೂ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿದ್ದರೆ ನಾಚಿಕೆಪಡುತ್ತ ಕೂರಬೇಡಿ, ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಂತ 7: ಈಗ ರಾಜೀನಾಮೆ

ಆದೇಶದಲ್ಲಿ ಎಷ್ಟು ತಿಂಗಳ ನೋಟಿಸ್ ಎಂದಿದೆಯೋ ಅಷ್ಟನ್ನು ಕೊಡಿ. ವರ್ಷದ ನಡುವೆ, ಅದರಲ್ಲೂ ಎಸ್ಸೆಸ್ಸೆಲ್ಸಿ ತಂಡವನ್ನು ಜನವರಿಯಲ್ಲಿ ಕೈಬಿಟ್ಟು ಬರಬೇಡಿ. ಅದು ಮಕ್ಕಳಿಗೆ ಮಾಡುವ ಅನ್ಯಾಯ. ಬೇಸಿಗೆ ರಜೆಯ ಸಂಬಳದ ವಿಷಯ ಸೂಕ್ಷ್ಮ: ಮಾರ್ಚ್ ಕೊನೆಗೆ ಬಿಡುತ್ತೇನೆಂದವರಿಗೆ ಏಪ್ರಿಲ್-ಮೇ ಸಂಬಳ ಕೊಡದ ಶಾಲೆಗಳಿವೆ. ಕೊನೆಯ ದಿನ ಯಾವುದು ಎಂಬುದನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಯಿರಿ.

ಪತ್ರ ನಾಲ್ಕು ಸಾಲಿನದಾಗಿರಲಿ. ಬಿಡುತ್ತಿರುವುದು, ಕೊನೆಯ ದಿನಾಂಕ, ಬಾಕಿ ಸಂಬಳ ಮತ್ತು ಗ್ರಾಚ್ಯುಟಿ ಕೊಡಬೇಕೆಂಬ ಕೋರಿಕೆ, ಕೃತಜ್ಞತೆ. ಹದಿನೆಂಟು ವರ್ಷದ ನೋವನ್ನೆಲ್ಲ ಅದರಲ್ಲಿ ತೋಡಿಕೊಳ್ಳಬೇಡಿ. ಮುಖ್ಯವಾಗಿ, ‘ನನಗೆ ಬರಬೇಕಾದ ಎಲ್ಲ ಹಣ ಸಂದಾಯವಾಗಿದೆ’ ಎಂಬ ಮುದ್ರಿತ ಹಾಳೆ ಮುಂದಿಟ್ಟರೆ, ಹಣ ಖಾತೆಗೆ ಬರುವವರೆಗೆ ಸಹಿ ಹಾಕಬೇಡಿ. ಬಿಡುಗಡೆ ಪತ್ರ, ವಿಷಯ ಮತ್ತು ತರಗತಿ ನಮೂದಿಸಿದ ಸೇವಾ ಪ್ರಮಾಣಪತ್ರ ಎರಡನ್ನೂ ಪಡೆಯಿರಿ. ಎರಡು ತಿಂಗಳ ನಂತರ ಪಿಎಫ್ ಪೋರ್ಟಲ್‌ನಲ್ಲಿ ಬಿಟ್ಟ ದಿನಾಂಕ ನಮೂದಾಗಿದೆಯೇ ನೋಡಿ. ಶಾಲೆ ಹಾಕಿರದಿದ್ದರೆ ಆಧಾರ್ ಒಟಿಪಿ ಮೂಲಕ ನೀವೇ ಹಾಕಬಹುದು.

ಹಂತ 8: ಮೊದಲ ವರ್ಷ

ಮನೆಯಲ್ಲಿ ಮಾತಾಡಿ ತೀರ್ಮಾನ ಮಾಡಿಕೊಳ್ಳಬೇಕಾದದ್ದು ಇದೆ, ವಿಶೇಷವಾಗಿ ಹೆಂಗಸರು. ‘ಹೇಗೂ ಮನೇಲೇ ಇದ್ದಾಳಲ್ಲ’ ಎಂಬ ಒಂದು ಮಾತು ನಿಮ್ಮ ದಿನವನ್ನೇ ನುಂಗುತ್ತದೆ. ಗ್ಯಾಸಿನವನು, ಕೊರಿಯರ್, ನಾದಿನಿಯ ಮಗುವನ್ನು ಶಾಲೆಯಿಂದ ಕರೆತರುವುದು, ಎಲ್ಲ ನಿಮ್ಮ ಪಾಲಿಗೇ ಬರುತ್ತವೆ. ಶಾಲೆಯ ವೇಳಾಪಟ್ಟಿಯಂತೆಯೇ ಒಂದನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮೂಲೆ, ಬೆನ್ನಿಗೆ ಆನಿಕೆಯಿರುವ ಕುರ್ಚಿ, ಮೈಕ್ ಇರುವ ಹೆಡ್‌ಫೋನ್, ಕರೆಂಟು ಹೋದಾಗ ರೂಟರ್ ನಡೆಸುವ ಸಣ್ಣ ಯುಪಿಎಸ್: ಮೊದಲಿಗೆ ಇಷ್ಟು ಸಾಕು.

ಏಪ್ರಿಲ್-ಮೇನಲ್ಲಿ ಟ್ಯೂಷನ್ ಹಣ ಬರುವುದಿಲ್ಲ, ದಸರೆಯಲ್ಲೂ ಇಳಿಯುತ್ತದೆ. ಬಂದ ಹಣವನ್ನು ಹತ್ತು ತಿಂಗಳ ದುಡಿಮೆ, ಹನ್ನೆರಡು ತಿಂಗಳ ಖರ್ಚು ಎಂದು ಭಾಗ ಮಾಡಿ. ಕಂಪನಿಗಳು ನಿಮ್ಮ ಬಿಲ್ಲಿನಲ್ಲಿ ಟಿಡಿಎಸ್, ಅಂದರೆ ಮೊದಲೇ ತೆರಿಗೆ ಮುರಿದುಕೊಂಡು ಕೊಡಬಹುದು. ರಿಟರ್ನ್ ಸಲ್ಲಿಸಿದರೆ ಹೆಚ್ಚಾಗಿ ಮುರಿದದ್ದು ವಾಪಸ್ ಬರುತ್ತದೆ, ಸಲ್ಲಿಸದಿದ್ದರೆ ಹೋಯಿತು. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಚಿಂತೆ ಬೇಡ. ಹೊರದೇಶದಿಂದ ಹಣ ಬಂದರೆ ಬ್ಯಾಂಕಿನವರು ‘ಪರ್ಪಸ್ ಕೋಡ್’, ಅಂದರೆ ಯಾವ ಕೆಲಸಕ್ಕೆ ಬಂದ ಹಣ ಎಂಬ ಸಂಖ್ಯೆ ಕೇಳುತ್ತಾರೆ. ಬಿಲ್ಲು ಕೈಯಲ್ಲಿರಲಿ.

ಮತ್ತೆ ಶಾಲೆಗೆ ಮರಳಬೇಕಾಗಬಹುದು ಎಂಬ ಅಳುಕು ನಿಮ್ಮೊಳಗಿದ್ದರೆ ಒಂದು ಕೆಲಸ ಮಾಡಿ. ಒಂದರಿಂದ ಎಂಟನೇ ತರಗತಿಗೆ ಹೊಸದಾಗಿ ನೇಮಕವಾಗಲು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಹಳೆಯ ಅನುಭವ ಎಷ್ಟಿದ್ದರೂ. ಟಿಇಟಿ ಪ್ರಮಾಣಪತ್ರಕ್ಕೆ ಈಗ ಆಜೀವ ಮಾನ್ಯತೆ ಇದೆ. ಪಠ್ಯಪುಸ್ತಕ ಇನ್ನೂ ಬಾಯಿಯಲ್ಲಿರುವಾಗ, ಬಿಟ್ಟ ಮೊದಲ ವರ್ಷವೇ ಬರೆದು ಮುಗಿಸಿ, ಆ ಹಾಳೆಯನ್ನು ಸೇವಾ ಪ್ರಮಾಣಪತ್ರದ ಜೊತೆಗೇ ಫೈಲಿನಲ್ಲಿಡಿ.